ಒಳಗೆ ಕಾಣುವ ಪುಟ ಹೊರಗೇಕೆ ಕಾಣದು?

ಒಂದೇ ಮನೆಯಿಂದ ಒಂದೇ ದಿನ ಎರಡು ಫೋನ್ ಕರೆ ಬಂದವು. ಬೆಳಿಗ್ಗೆ ಮಗ ಮಾಡಿದ. "ಸರ್, ನನ್ನ ವೆಬ್ ಸರ್ವರ್ ಮನೆಯಲ್ಲಿ ಚೆನ್ನಾಗಿ ಓಡ್ತಿದೆ. ಕಾಲೇಜಿನಲ್ಲಿ ಕೂತು ತೆರೆದರೆ ಏನೂ ಬರೋದಿಲ್ಲ. ಗುರುವಾರ ವೈವಾ ಇದೆ." ಮಧ್ಯಾಹ್ನ ಅಪ್ಪ ಮಾಡಿದರು. "ಮೇಷ್ಟ್ರೇ, ಇವನು ರೂಟರಿನಲ್ಲಿ ಏನೋ ತೂತು ಕೊರೀಬೇಕು ಅಂತಾನೆ. ಹೊರಗಿನೋರು ಒಳಗೆ ಬಂದುಬಿಟ್ರೆ ಏನು ಗತಿ? ಬ್ಯಾಂಕಿನ ವ್ಯವಹಾರ ಎಲ್ಲ ಇದೇ ಮನೆಯಲ್ಲಿ ಮಾಡ್ತೀವಿ. ವೈರೇ ಕಿತ್ತು ಹಾಕ್ತೀನಿ ಅಂದಿದೀನಿ." ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಭಾನುವಾರ ಬೆಳಿಗ್ಗೆ ತಿಪಟೂರಿನ ಬಸ್ಸು ಹತ್ತಿದೆ.

ಹುಡುಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಮನೆಯವರಿಗೆ ತೆಂಗಿನ ತೋಟವಿದೆ. ತಿಪಟೂರಿನ ಕಡೆ ಉಂಡೆ ಕೊಬ್ಬರಿ ಮಾಡುವ ಕ್ರಮ ಬಹಳ ಓದುಗರಿಗೆ ಗೊತ್ತಿರಬಹುದು. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ಸುಮಾರಾಗಿ ಒಂದು ವರ್ಷದ ತನಕ, ಕೂಡಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎಂದ ಮೇಲೆ ಒಡೆಯುತ್ತಾರೆ. ಮಳೆಗಾಲದಲ್ಲಿ ಅಟ್ಟದಲ್ಲಿ ತೇವ ಹೆಚ್ಚಾದರೆ ಬೂಷ್ಟು ಹಿಡಿಯುವ ಭಯ. ಹುಡುಗ ಅಟ್ಟದಲ್ಲೊಂದು ಪುಟ್ಟ ಸಂವೇದಕ ಇಟ್ಟು, ಅದರ ತಂತಿಯನ್ನು ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಜೋಡಿಸಿ, ಐದು ನಿಮಿಷಕ್ಕೊಮ್ಮೆ ಉಷ್ಣತೆ ಮತ್ತು ತೇವಾಂಶವನ್ನು ಒಂದು ವೆಬ್ ಪುಟದಲ್ಲಿ ಬರೆಯುವಂತೆ ಮಾಡಿದ್ದ. ಸೊಗಸಾದ ಕೆಲಸ. ಮನೆಯ ಯಾವ ಮೊಬೈಲಿನಲ್ಲಾದರೂ 192.168.1.15 ಎಂದು ಬರೆದು, ಒಂದು ಕೋಲನ್ ಹಾಕಿ 8000 ಎಂದು ಸೇರಿಸಿದರೆ ಅಟ್ಟದ ಹವಾಮಾನ ಕಣ್ಣೆದುರಿಗೆ ಬರುತ್ತಿತ್ತು. ಅದೇ ಅಂಕಿಯನ್ನು ಅವನು ಕಾಲೇಜಿನ ಗೆಳೆಯರಿಗೂ ಕೊಟ್ಟಿದ್ದ. ಅಲ್ಲಿಯೇ ತಪ್ಪಿದ್ದು.

192.168 ಎಂದು ಮೊದಲಾಗುವ ವಿಳಾಸ ನಿಮ್ಮ ಮನೆಯಲ್ಲೂ ಇರಬಹುದು, ನನ್ನ ಮನೆಯಲ್ಲೂ ಇದೆ. ಅದು ಮನೆಯೊಳಗಿನ ವಿಳಾಸ ಮಾತ್ರ. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ಸಂಖ್ಯೆಗಳಿರುವುದು ಸುಮಾರು 429 ಕೋಟಿ. ಅವು ಸಾಲುವುದಿಲ್ಲವೆಂಬುದು 1990ರ ದಶಕದ ಆರಂಭದಲ್ಲೇ ತಜ್ಞರಿಗೆ ತಿಳಿದಿತ್ತು. ಒಂದು ಸಾರ್ವಜನಿಕ ವಿಳಾಸದ ಹಿಂದೆ ಹಲವು ಯಂತ್ರಗಳನ್ನು ಕೂರಿಸುವ ಉಪಾಯವನ್ನು 1994ರಲ್ಲಿ ಬರಹಕ್ಕಿಳಿಸಿದರು. ಒಳಗಿನ ಬಳಕೆಗೆಂದೇ ಮೂರು ಗುಂಪು ಸಂಖ್ಯೆಗಳನ್ನು 1996ರಲ್ಲಿ ಈಗಿರುವ ರೂಪದಲ್ಲಿ ಮೀಸಲಿಟ್ಟರು: 10 ಎಂದು ಮೊದಲಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168ರವು. ಇವನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲಿ ಬಳಸಬಹುದು. ಹೊರಗಿನ ಅಂತರಜಾಲದಲ್ಲಿ ಇವಕ್ಕೆ ದಾರಿಯಿಲ್ಲ.

ಅಪ್ಪನಿಗೆ ಇದನ್ನು ವಠಾರದ ಲೆಕ್ಕದಲ್ಲಿ ಹೇಳಿದೆ. ವಠಾರದ ಹೊರಬಾಗಿಲಿಗೆ ಒಂದೇ ಡೋರ್ ನಂಬರು, ಒಳಗೆ ಎಂಟು ಮನೆ. ಒಳಗಿನವರು 'ಮೂರನೇ ಮನೆ', 'ಬಾವಿ ಪಕ್ಕದ ಮನೆ' ಎಂದು ಗುರುತು ಹೇಳಿಕೊಳ್ಳುತ್ತಾರೆ. ಆದರೆ ಶಿವಮೊಗ್ಗದಿಂದ ಯಾರಾದರೂ 'ಮೂರನೇ ಮನೆ' ಎಂದಷ್ಟೇ ಬರೆದು ಕಾಗದ ಹಾಕಿದರೆ ಅಂಚೆಯವನು ಯಾವ ಊರಿನ ಯಾವ ವಠಾರಕ್ಕೆ ಹೋದಾನು? ಹೊರಗಿನವರು ಬರೆಯಬೇಕಾದ್ದು ವಠಾರದ ಡೋರ್ ನಂಬರನ್ನೇ. ಬಾಗಿಲಲ್ಲಿ ಕೂತ ಯಜಮಾನನೇ ರೂಟರು. ಒಳಗಿನವರು ಹೊರಗೆ ಕಾಗದ ಬರೆದಾಗ ಆತ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಅದನ್ನು ನೋಡಿ ಸರಿಯಾದ ಮನೆಗೆ ಮುಟ್ಟಿಸುತ್ತಾನೆ. ನಾವು ಪತ್ರಿಕೆ ಓದುವುದು, ರೈಲ್ವೆ ಟಿಕೆಟ್ ತೆಗೆಯುವುದು ಎಲ್ಲ ನಡೆಯುವುದು ಹೀಗೆಯೇ. ಯಾರೂ ಬರೆಯದೆ ತಾನಾಗಿ ಬಂದ ಕಾಗದ ಯಾರ ಮನೆಗೆಂದು ಆತನಿಗೆ ತಿಳಿಯದು. ಬಿಸಾಡುತ್ತಾನೆ. ಕಾಲೇಜಿನ ಗೆಳೆಯ ಸರಿಯಾದ ಡೋರ್ ನಂಬರನ್ನೇ ಬರೆದಿದ್ದರೂ ಆಗುತ್ತಿದ್ದುದು ಅದೇ.

ಆದ್ದರಿಂದ ಯಜಮಾನನಿಗೆ ಮೊದಲೇ ಹೇಳಿಡಬೇಕು: 'ಇಂಥ ಸಂಖ್ಯೆಯ ಮೇಲೆ ಬರುವ ಕಾಗದವನ್ನು ಕೇಳದೆ ಮೂರನೇ ಮನೆಗೆ ಕೊಡು.' ಆ ಸಂಖ್ಯೆಗೆ ಪೋರ್ಟ್ ಎಂದು ಹೆಸರು. ಹೇಳಿಡುವುದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಪೋರ್ಟುಗಳು 65 ಸಾವಿರಕ್ಕೂ ಹೆಚ್ಚಿವೆ. ಸಾಮಾನ್ಯ ವೆಬ್ ಪುಟಕ್ಕೆ 80, ಗುಪ್ತಲಿಪಿಯಲ್ಲಿ ಸಾಗುವ ಪುಟಕ್ಕೆ 443 ಎಂಬುದು ರೂಢಿ.

"ಅಂದ್ರೆ ತೂತು ಕೊರೆಯೋದೇ ಆಯ್ತಲ್ಲ," ಎಂದರು ಅಪ್ಪ. ಹೌದು, ಆದರೆ ಒಂದೇ ಮನೆಗೆ, ಒಂದೇ ಕೆಲಸಕ್ಕೆ ಎಂದೆ. ಹಾಗೆ ಹೇಳಿದ ಮೇಲೆ ಆ ಮನೆಯಲ್ಲಿ ಏನಿದೆ ಎಂದು ನೋಡುವುದು ನನ್ನ ಜವಾಬ್ದಾರಿಯಾಯಿತು.

ನೋಡಿದ್ದು ಒಳ್ಳೆಯದೇ ಆಯಿತು. ಹುಡುಗ ಪೈಥಾನ್ ಭಾಷೆಯ ಜೊತೆಗೇ ಬರುವ ಸಣ್ಣ ವೆಬ್ ಸರ್ವರನ್ನು ಬಳಸಿದ್ದ. ಕಲಿಯುವವರಿಗೆ ಬಹಳ ಅನುಕೂಲ, ಒಂದೇ ಸಾಲಿನ ಆಜ್ಞೆ. ಆದರೆ ಯಾವ ಫೋಲ್ಡರಿನಲ್ಲಿ ನಿಂತು ಆಜ್ಞೆ ಕೊಡುತ್ತೀರೋ ಆ ಫೋಲ್ಡರನ್ನೆಲ್ಲ ಅದು ಬಡಿಸುತ್ತದೆ. ಅವನು ನಿಂತಿದ್ದುದು ತನ್ನ ಎಲ್ಲ ಕಡತಗಳೂ ಇದ್ದ ಮೂಲ ಫೋಲ್ಡರಿನಲ್ಲಿ. ವಿಳಾಸದ ಕೊನೆಯ ಹೆಸರನ್ನು ಅಳಿಸಿದರೆ ಸಾಕು, ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು: ತೋಟದ ಪಹಣಿ, ಅಪ್ಪನ ಆಧಾರ್ ಕಾರ್ಡಿನ ಸ್ಕ್ಯಾನ್, ಅಕ್ಕನ ಮದುವೆಯ ಫೋಟೋಗಳು. ಬಾಗಿಲು ತೆರೆದ ಗಳಿಗೆಯಲ್ಲಿ ಇವೆಲ್ಲ ಬೀದಿಗೆ ಬರುತ್ತಿದ್ದವು. ಹುಡುಗನ ಮುಖ ಸಣ್ಣದಾಯಿತು. ಅಪ್ಪ ಏನೂ ಅನ್ನಲಿಲ್ಲ. ಅನ್ನದೇ ಇದ್ದುದೇ ಅವನಿಗೆ ಹೆಚ್ಚು ನಾಟಿತೆಂದು ಕಾಣುತ್ತದೆ. ಹೊಸದೊಂದು ಖಾಲಿ ಫೋಲ್ಡರು ಮಾಡಿ, ಅದರಲ್ಲಿ ಅಟ್ಟದ ಪುಟವೊಂದನ್ನೇ ಇಟ್ಟು, ಬೇರೇನನ್ನೂ ಮುಟ್ಟುವ ಅಧಿಕಾರವಿಲ್ಲದ ಬೇರೊಂದು ಬಳಕೆದಾರನ ಹೆಸರಿನಲ್ಲಿ ಸರ್ವರ್ ನಡೆಸುವಂತೆ ಬದಲಾಯಿಸಿದೆವು. ಸ್ಕ್ಯಾನುಗಳನ್ನು ಆ ಕಂಪ್ಯೂಟರಿನಿಂದಲೇ ತೆಗೆದು ಪೆನ್‌ಡ್ರೈವಿಗೆ ಹಾಕಿದ. ವೈವಾ ಮುಗಿದ ಮೇಲೂ ಪುಟವನ್ನು ಇಡುವುದಾದರೆ ಎನ್‌ಜಿನ್‌ಎಕ್ಸ್‌ನಂಥ ಪೂರ್ಣ ಪ್ರಮಾಣದ ಸರ್ವರಿಗೆ ಬದಲಾಗಬೇಕೆಂದೂ ಹೇಳಿದೆ. ಪೈಥಾನಿನದು ಸಾರ್ವಜನಿಕ ಬಳಕೆಗಲ್ಲವೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಇನ್ನು ರೂಟರು. ಅದರ ಆಡಳಿತ ಪುಟ ಆ ಮನೆಯಲ್ಲಿ 192.168.1.1ರಲ್ಲಿತ್ತು. ಹೆಸರು, ಗುಪ್ತಪದ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿದ್ದವು. ಮೊದಲು ನೋಡಬೇಕಾದ್ದು ಹೊರಗಿನ ವಿಳಾಸ. ರೂಟರಿನ ಸ್ಥಿತಿ ಪುಟದಲ್ಲಿ 'ವ್ಯಾನ್' ಎಂಬುದರ ಎದುರಿಗೆ ಅದು ಇರುತ್ತದೆ. ಆಮೇಲೆ ನಮ್ಮ ವಿಳಾಸವನ್ನು ನಮಗೇ ತೋರಿಸುವ ಯಾವುದಾದರೂ ತಾಣವನ್ನು ತೆರೆದು ಎರಡನ್ನೂ ಹೋಲಿಸಬೇಕು. ಎರಡೂ ಒಂದೇ ಆದರೆ ನಿಮ್ಮ ಮನೆಗೆ ಸ್ವಂತ ಡೋರ್ ನಂಬರು ಇದೆ ಎಂದರ್ಥ. ಬೇರೆಬೇರೆಯಾದರೆ, ಅದರಲ್ಲೂ ರೂಟರಿನಲ್ಲಿ ಕಾಣುವುದು 10 ಎಂದೋ, 100.64ರಿಂದ 100.127ರ ನಡುವಿನದೋ ಆಗಿದ್ದರೆ, ನಿಮ್ಮ ವಠಾರವೇ ಇನ್ನೊಂದು ದೊಡ್ಡ ವಠಾರದೊಳಗಿದೆ. ಜಗತ್ತಿನ ಕೇಂದ್ರ ಭಂಡಾರದಲ್ಲಿದ್ದ ಹಳೆಯ ವಿಳಾಸಗಳ ಕೊನೆಯ ಗಂಟುಗಳನ್ನು 2011ರ ಫೆಬ್ರುವರಿ 3ರಂದು ಹಂಚಿ ಮುಗಿಸಲಾಯಿತು. ಆಮೇಲೆ ಸಂಪರ್ಕ ಕೊಡುವ ಕಂಪನಿಗಳು ನೂರಾರು ಮನೆಗಳಿಗೆ ಒಂದು ವಿಳಾಸವನ್ನು ಹಂಚುವುದು ಸಾಮಾನ್ಯವಾಯಿತು. ಈ ಏರ್ಪಾಡಿಗೆಂದೇ 2012ರಲ್ಲಿ 100.64ರ ಗುಂಪನ್ನು ಮೀಸಲಿಟ್ಟದ್ದು. ಹಾಗಿರುವ ಮನೆಗಳಲ್ಲಿ ನಿಮ್ಮ ರೂಟರಿನಲ್ಲಿ ಎಷ್ಟು ನಿಯಮ ಬರೆದರೂ ಪ್ರಯೋಜನವಿಲ್ಲ. ದೊಡ್ಡ ವಠಾರದ ಯಜಮಾನ ಕಂಪನಿಯಲ್ಲಿ ಕೂತಿದ್ದಾನೆ. ರಾತ್ರಿಯೆಲ್ಲ ರೂಟರಿನ ಮುಂದೆ ಕೂತು ಸೋತ ವಿದ್ಯಾರ್ಥಿಗಳಿಗೆ ಈ ಒಂದು ಹೋಲಿಕೆ ಮೊದಲೇ ತಿಳಿದಿದ್ದರೆ ಎಷ್ಟೋ ನಿದ್ದೆ ಉಳಿಯುತ್ತಿತ್ತು.

ಈ ಮನೆಯಲ್ಲಿ ಎರಡೂ ಒಂದೇ ಆಗಿದ್ದವು. ನನಗೆ ಆಶ್ಚರ್ಯವಾಯಿತು. ಬಿಲ್ಲು ತರಿಸಿ ನೋಡಿದರೆ 'ಸ್ಟಾಟಿಕ್ ಐಪಿ' ಎಂದು ಬೇರೆ ಶುಲ್ಕ. "ಅದೇನೋ ಕ್ಯಾಮೆರಾ ಹಾಕೋ ಹುಡುಗ ಬೇಕು ಅಂದ, ವರ್ಷಾ ವರ್ಷಾ ಕಟ್ತಾ ಇದೀನಿ," ಎಂದರು ಅಪ್ಪ. ಕಾಯಿ ಕಳ್ಳರ ಕಾಟಕ್ಕೆ ಕೊಟ್ಟಿಗೆಯ ಕಡೆ ನಾಲ್ಕು ಕ್ಯಾಮೆರಾ ಹಾಕಿಸಿದ್ದರಂತೆ.

ಆಗ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದೆವು. ಕೆಲವು ರೂಟರುಗಳಲ್ಲಿ ಇದಕ್ಕೆ 'ವರ್ಚುವಲ್ ಸರ್ವರ್' ಎಂದು ಹೆಸರಿರುತ್ತದೆ, ಗಾಬರಿಯಾಗಬೇಡಿ. ಖಾಲಿ ಇರುತ್ತದೆಂದುಕೊಂಡಿದ್ದ ಪಟ್ಟಿಯಲ್ಲಿ ಆಗಲೇ ಎರಡು ಸಾಲುಗಳಿದ್ದವು. ಎರಡೂ ಕ್ಯಾಮೆರಾ ಚಿತ್ರಗಳನ್ನು ದಾಖಲಿಸುವ ಪೆಟ್ಟಿಗೆಯ ಕಡೆಗೆ. ಅಪ್ಪ ತೋಟದಿಂದ ಮೊಬೈಲಿನಲ್ಲಿ ನೋಡಲೆಂದು ಕ್ಯಾಮೆರಾ ಹುಡುಗ ಮಾಡಿಕೊಟ್ಟ ದಾರಿ ಅದು. "ಇದರ ಪಾಸ್‌ವರ್ಡ್ ಏನು?" ಎಂದೆ. "ಹಾಕಿದೋನು ಏನಿಟ್ಟಿದ್ನೋ ಅದೇ," ಎಂದರು. ಊಹಿಸಿ ನೋಡಿದೆ. ಹೆಸರು 'ಅಡ್ಮಿನ್', ಗುಪ್ತಪದ 12345. ಮೊದಲ ಸಲಕ್ಕೇ ತೆರೆಯಿತು. ಪರದೆಯ ಮೇಲೆ ಅವರದೇ ಅಂಗಳ, ಹಿತ್ತಿಲ ಬಾಗಿಲು, ತುಳಸಿ ಕಟ್ಟೆಯ ಪಕ್ಕ ಅಕ್ಕಿ ಆರಿಸುತ್ತ ಕೂತಿದ್ದ ಅಜ್ಜಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ದಿನದಿಂದ ಹೀಗಿದೆ ಮೇಷ್ಟ್ರೇ?" ಎಂದು ಕೇಳಿದರು. ಕ್ಯಾಮೆರಾ ಹಾಕಿದ ದಿನದಿಂದ ಎನ್ನದೆ ಬೇರೆ ಉತ್ತರವಿರಲಿಲ್ಲ. ಮಗ ಕೊರೆಯಬಹುದೆಂದು ಹೆದರಿದ್ದ ತೂತು ಮೂರು ವರ್ಷದಿಂದ ಅಲ್ಲಿಯೇ ಇತ್ತು.

ಇದೇನು ಅಪರೂಪದ ಕಥೆಯಲ್ಲ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರು, ರೂಟರುಗಳೊಳಗೆ ಹೊಕ್ಕಿತು. ಅದು ಮಾಡಿದ್ದೆಂದರೆ ಟೆಲ್ನೆಟ್ ಎಂಬ ಹಳೆಯ ಬಾಗಿಲನ್ನು ತಟ್ಟುವುದು, ಕಾರ್ಖಾನೆಯಲ್ಲಿ ಇಟ್ಟ 60ಕ್ಕೂ ಹೆಚ್ಚು ಹೆಸರು-ಗುಪ್ತಪದದ ಜೋಡಿಗಳನ್ನು ಒಂದೊಂದಾಗಿ ಹೇಳಿ ನೋಡುವುದು, ಅಷ್ಟೇ. ಆ ವರ್ಷದ ಅಕ್ಟೋಬರ್ 21ರಂದು ಈ ಸೇನೆ ಡಿನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವು ಕಡೆ ಗಂಟೆಗಟ್ಟಲೆ ಸಿಗದಂತಾದವು. ಮಿರಾಯ್ ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕದ ಯುವಕರು. 2017ರ ಡಿಸೆಂಬರಿನಲ್ಲಿ ತಪ್ಪೊಪ್ಪಿಕೊಂಡರು. ಅವರಲ್ಲೊಬ್ಬ ತಾನು ಓದುತ್ತಿದ್ದ ವಿಶ್ವವಿದ್ಯಾಲಯದ ಜಾಲದ ಮೇಲೂ ದಾಳಿ ಮಾಡಿದ್ದ. ನಮ್ಮ ಹುಡುಗನಿಗೆ ಇದನ್ನು ಹೇಳುವಾಗ ಒಂದು ಮಾತು ಸೇರಿಸಿದೆ: ಬೇರೆಯವರ ಯಂತ್ರದೊಳಗೆ ಒಪ್ಪಿಗೆಯಿಲ್ಲದೆ ಹೋಗುವುದು ನಮ್ಮಲ್ಲೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ, 12345 ಎಂದು ಊಹಿಸಿ ಹೋದರೂ ಸಹ. ಅವರ ಮನೆಯ ಪೆಟ್ಟಿಗೆಗೆ ನಾನು ಹೋದದ್ದು ಯಜಮಾನರು ಪಕ್ಕದಲ್ಲಿ ಕೂತು ಹೂಂ ಎಂದ ಮೇಲೆ.

ಆ ಎರಡು ಸಾಲುಗಳನ್ನು ಅಳಿಸಿ, ಕ್ಯಾಮೆರಾ ಪೆಟ್ಟಿಗೆಯ ಮತ್ತು ರೂಟರಿನ ಗುಪ್ತಪದಗಳನ್ನು ಬದಲಿಸಿದೆವು. ಯುಪಿಎನ್‌ಪಿ ಎಂಬ ಸೌಲಭ್ಯವನ್ನೂ ಆರಿಸಿದೆವು. ಅದು ಚಾಲೂ ಇದ್ದರೆ ಮನೆಯ ಯಾವ ಉಪಕರಣವಾದರೂ ಯಜಮಾನರನ್ನು ಕೇಳದೆ ರೂಟರಿಗೆ ಹೇಳಿ ತನಗೊಂದು ಬಾಗಿಲು ತೆರೆಸಿಕೊಳ್ಳಬಹುದು. ಅದೇ ಪುಟದಲ್ಲಿ 'ಡಿಎಂಝಡ್' ಎಂಬ ಆಯ್ಕೆಯೂ ಇರುತ್ತದೆ. ಕೆಲಸ ಬೇಗ ಆಗುತ್ತದೆಂದು ಕೆಲವರು ಅದನ್ನು ಹಾಕಿಬಿಡುತ್ತಾರೆ. ಅದು ಎಲ್ಲ ಪೋರ್ಟುಗಳನ್ನೂ ಒಂದೇ ಯಂತ್ರಕ್ಕೆ ಬಿಟ್ಟುಕೊಡುತ್ತದೆ. ಮುಟ್ಟಬೇಡಿ.

ಹುಡುಗನ ಕೆಲಸ ಇಷ್ಟಾದ ಮೇಲೆ ಹತ್ತು ನಿಮಿಷದ್ದು. ರೂಟರು ಯಂತ್ರಗಳಿಗೆ ಒಳಗಿನ ವಿಳಾಸವನ್ನು ತಾನೇ ಹಂಚುತ್ತದೆ. ಇವತ್ತು 15 ಇದ್ದದ್ದು ನಾಳೆ 22 ಆಗಬಹುದು. ಆಗ ಬಾಗಿಲಿನ ನಿಯಮ ಬೇರೆ ಯಂತ್ರದ ಕಡೆ ಬೆರಳು ತೋರಿಸುತ್ತದೆ. ಅದಕ್ಕೆ ಪೈ ಯಂತ್ರಕ್ಕೆ 15ನ್ನೇ ಕಾಯಂ ಮಾಡಿದ. ಆಮೇಲೆ ನಿಯಮ: ಹೊರಗಿನ ಪೋರ್ಟ್ 8080, ಒಳಗಿನ ವಿಳಾಸ 192.168.1.15, ಒಳಗಿನ ಪೋರ್ಟ್ 8000, ಬಗೆ ಟಿಸಿಪಿ. ಉಳಿಸಿ, ತನ್ನ ಮೊಬೈಲಿನಲ್ಲಿ ಹೊರಗಿನ ವಿಳಾಸ ಬರೆದು ಒತ್ತಿದ. ಬರಲಿಲ್ಲ. ಅಳುವಂತಾದ.

ಇಲ್ಲಿ ಬಹಳ ಜನ ಎಡವುತ್ತಾರೆ. ಅವನ ಮೊಬೈಲು ಮನೆಯ ವೈಫೈಯಲ್ಲಿತ್ತು. ವಠಾರದೊಳಗೆ ಕೂತು ವಠಾರದ್ದೇ ಡೋರ್ ನಂಬರಿಗೆ ಕಾಗದ ಬರೆದರೆ ಕೆಲವು ಯಜಮಾನರಿಗೆ ತಲೆ ಕೆಡುತ್ತದೆ. ಒಳಗಿಂದ ಹೊರಟು ಒಳಕ್ಕೇ ತಿರುಗಬೇಕಾದ ಕಾಗದವನ್ನು ಎಲ್ಲ ರೂಟರುಗಳೂ ನಿಭಾಯಿಸುವುದಿಲ್ಲ. "ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಪ್ಪ," ಎಂದೆ. ನೋಡಿದ. ಅಟ್ಟದ ಉಷ್ಣತೆ 31 ಡಿಗ್ರಿ, ತೇವಾಂಶ ನೂರಕ್ಕೆ 68. ಮೈಸೂರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿ ಅವಳಿಂದಲೂ ತೆರೆಸಿದ. ಅವಳಿಗೂ ಬಂತು.

ಅರ್ಧ ಗಂಟೆ ಬಿಟ್ಟು ಸರ್ವರಿನ ದಿನಚರಿ ನೋಡಿದರೆ ಅಕ್ಕನಲ್ಲದೆ ಬೇರೆ ಯಾರ್ಯಾರೋ ಬಂದು ಹೋಗಿದ್ದರು. ಇಲ್ಲದ ಪುಟಗಳನ್ನು ಕೇಳಿದ್ದರು: ವರ್ಡ್‌ಪ್ರೆಸ್ಸಿನ ಲಾಗಿನ್ ಪುಟ ಇದೆಯೇ, ಗುಪ್ತಪದ ಬರೆದಿಟ್ಟ ಕಡತ ಇದೆಯೇ ಎಂದು. "ಯಾರಿವರು?" ಎಂದರು ಅಪ್ಪ. ಮನುಷ್ಯರಲ್ಲ, ಹಗಲೂ ರಾತ್ರಿ ಬಾಗಿಲು ತಟ್ಟುತ್ತ ಹೋಗುವ ಯಂತ್ರಗಳು. ಹಳೆಯ ಪದ್ಧತಿಯ ವಿಳಾಸಗಳನ್ನೆಲ್ಲ ಒಂದೇ ಕಂಪ್ಯೂಟರಿನಿಂದ 45 ನಿಮಿಷದೊಳಗೆ ತಟ್ಟಿ ಬರಬಹುದೆಂದು ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದ್ದರು. ಹಾಗಾಗಿ 'ನಮ್ಮೂರಿನ ನಮ್ಮ ಮನೆ ಯಾರಿಗೆ ಗೊತ್ತು' ಎಂಬ ಧೈರ್ಯ ಇಲ್ಲಿ ನಡೆಯದು. ಬಂದವರಿಗೆ ಅಟ್ಟದ ಉಷ್ಣತೆ ಬಿಟ್ಟು ಬೇರೇನೂ ಸಿಗಲಿಲ್ಲ. ಬೆಳಿಗ್ಗೆಯಾಗಿದ್ದರೆ ಪಹಣಿ ಸಿಗುತ್ತಿತ್ತು.

ಈ ಪುಟದಲ್ಲಿ ಗುಪ್ತಪದ ಬರೆಯುವ ಜಾಗವಿಲ್ಲ, ಹಾಗಾಗಿ ಬಯಲಲ್ಲಿ ಸಾಗಿದರೂ ನಷ್ಟವಿಲ್ಲ. ಲಾಗಿನ್ ಇರುವ ಪುಟವಾದರೆ ಒಂದು ಹೆಸರು ಪಡೆದು, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಪ್ರಮಾಣಪತ್ರ ಹಾಕಿಕೊಳ್ಳಲೇಬೇಕು. ಹೊರಗಿನ ವಿಳಾಸ ಆಗಾಗ ಬದಲಾಗುವ ಮನೆಯವರು ಡೈನಮಿಕ್ ಡಿಎನ್ಎಸ್ ಸೇವೆ ಬಳಸಬಹುದು, ಉಚಿತವಾದವೂ ಇವೆ. ದೊಡ್ಡ ವಠಾರದೊಳಗಿರುವವರು ಕಂಪನಿಗೆ ಹಣ ಕಟ್ಟಿ ಸ್ವಂತ ವಿಳಾಸ ಪಡೆಯಬಹುದು. ಇಲ್ಲವೇ ಒಳಗಿನಿಂದ ಹೊರಗಿನ ಯಂತ್ರವೊಂದಕ್ಕೆ ಸುರಂಗ ತೋಡಿ ಅದರ ಮೂಲಕ ಪುಟ ತೋರಿಸಬಹುದು. ಸುರಂಗ ಹೊರಡುವುದು ಒಳಗಿಂದಲೇ ಆದ್ದರಿಂದ ಯಜಮಾನ ತಡೆಯುವುದಿಲ್ಲ. ಮನೆಬಳಕೆಯ ಸಂಪರ್ಕದಲ್ಲಿ ಸರ್ವರ್ ನಡೆಸಬಾರದೆಂಬ ಷರತ್ತು ಕೆಲವು ಕಂಪನಿಗಳ ಕರಾರಿನಲ್ಲಿರುತ್ತದೆ. ಅದನ್ನು ಓದುವ ಕೆಲಸ ತಂದೆತಾಯಿಗಳದು, ಸಂಪರ್ಕ ಅವರ ಹೆಸರಿನಲ್ಲಿರುವುದರಿಂದ.

ಉಳಿದದ್ದು ಅಪ್ಪನ ಕ್ಯಾಮೆರಾ. ತೋಟದಿಂದ ನೋಡುವುದನ್ನು ಬಿಡಲು ಅವರು ಸಿದ್ಧರಿರಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಹುಡುಗ ಅದೇ ಪೈ ಯಂತ್ರದಲ್ಲಿ ವೈರ್‌ಗಾರ್ಡ್ ಎಂಬ ಉಚಿತ ತಂತ್ರಾಂಶ ಹಾಕಿ, ಅದಕ್ಕೊಂದು ಪೋರ್ಟ್ ತೆರೆದು, ಅಪ್ಪನ ಮೊಬೈಲಿಗೆ ಅದರ ಕೀಲಿ ಕೊಟ್ಟ. ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಅಲ್ಲೊಂದು ಬಾಗಿಲಿದೆ ಎಂದೂ ತಿಳಿಯದು. ಕೀಲಿ ಇದ್ದವರಿಗೆ ತೋಟದಲ್ಲಿ ನಿಂತರೂ ಮನೆಯೊಳಗೆ ಕೂತ ಹಾಗೆ. ಹೀಗೆ ವೈರು ಕೀಳುತ್ತೇನೆಂದಿದ್ದ ಅಪ್ಪ ಸಂಜೆಯ ಹೊತ್ತಿಗೆ ಮಗನ ಸರ್ವರಿನ ಎರಡನೆಯ ಗಿರಾಕಿಯಾದರು. ಕರೆಂಟ್ ಬಿಲ್ಲಿನ ಬಗ್ಗೆ ಮಾತ್ರ ಕೇಳಿದರು. ಅಂಥ ಪುಟ್ಟ ಯಂತ್ರ 5 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ ದಿನವಿಡೀ ಓಡಿದರೂ ತಿಂಗಳಿಗೆ 3.6 ಯೂನಿಟ್. 100 ವ್ಯಾಟಿನ ಹಳೆಯ ಡೆಸ್ಕ್‌ಟಾಪ್ ಆದರೆ 72.

ಸೋಮವಾರ ಬೆಳಿಗ್ಗೆ ಹುಡುಗನ ಫೋನು. ರಾತ್ರಿ ಒಂಬತ್ತೂವರೆಯಿಂದ ಪುಟ ಬರುತ್ತಿಲ್ಲ, ಯಾರೋ ದಾಳಿ ಮಾಡಿರಬೇಕು ಎಂದ. ಪ್ಲಗ್ ನೋಡು ಎಂದೆ. ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಅಜ್ಜಿಯ ನಲವತ್ತು ವರ್ಷದ ಅಭ್ಯಾಸ. ಜಗತ್ತಿನ ಮೊದಲ ವೆಬ್ ಸರ್ವರಿಗೂ ಇದೇ ಭಯವಿತ್ತು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ 1990ರಲ್ಲಿ ಟಿಮ್ ಬರ್ನರ್ಸ್-ಲೀ ಬಳಸಿದ ನೆಕ್ಸ್ಟ್ ಕಂಪ್ಯೂಟರಿನ ಮೇಲೆ, ಇದು ಸರ್ವರ್, ಆರಿಸಬೇಡಿ ಎಂದು ಕೈಬರಹದಲ್ಲಿ ಬರೆದ ಚೀಟಿ ಈಗಲೂ ಇದೆ. ತಿಪಟೂರಿನ ಚೀಟಿಯಲ್ಲಿ 'ಅಜ್ಜಿ, ಇದೊಂದು ಬೇಡ' ಎಂದು ಬರೆಯಲಾಯಿತು.

ಗುರುವಾರ ಪರೀಕ್ಷಕರು ತಮ್ಮ ಮೊಬೈಲಿನಲ್ಲೇ ಪುಟ ತೆರೆದು ನೋಡಿದರಂತೆ. ಆಮೇಲೆ ಒಂದು ಪ್ರಶ್ನೆ ಹಾಕಿದರಂತೆ: "ಐಪಿವಿ6 ಇದ್ದರೆ ಈ ಫಾರ್ವರ್ಡಿಂಗ್ ಬೇಕೇನಯ್ಯಾ?" ಹುಡುಗ, ಬೇಡ ಸಾರ್, ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಸಿಗುತ್ತದೆ ಎಂದನಂತೆ. ಅರ್ಧ ಉತ್ತರ. 2012ರ ಜೂನ್ 6ರಿಂದ ಜಗತ್ತಿನ ದೊಡ್ಡ ತಾಣಗಳು ಕಾಯಂ ಆಗಿ ಬಳಕೆಗೆ ತಂದ ಈ ಹೊಸ ಪದ್ಧತಿಯಲ್ಲಿ ವಿಳಾಸದ ಉದ್ದ 32ರ ಬದಲು 128 ಬಿಟ್. ವಿಳಾಸಗಳಿಗೆ ಬರವಿಲ್ಲ, ವಠಾರದ ಯಜಮಾನ ಸಂಖ್ಯೆ ಬದಲಾಯಿಸುವ ಅಗತ್ಯವೂ ಇಲ್ಲ. ಆದರೂ ಆತ ಬಾಗಿಲಲ್ಲಿ ಕೂತೇ ಇರುತ್ತಾನೆ: ಮನೆಯ ರೂಟರು ಸಾಮಾನ್ಯವಾಗಿ ಕರೆಯದೆ ಬಂದವರನ್ನು ಐಪಿವಿ6ನಲ್ಲೂ ತಡೆಯುತ್ತದೆ, ಅದರ ಕಾವಲು ಪುಟದಲ್ಲಿ ಆ ಯಂತ್ರದ ಆ ಪೋರ್ಟಿಗೆ ಒಪ್ಪಿಗೆ ಬರೆಯಬೇಕು. ಮತ್ತೆ, ನೋಡುವವರ ಕಡೆಯಲ್ಲೂ ಐಪಿವಿ6 ಇರಬೇಕು. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಅದು ಧಾರಾಳವಾಗಿದೆ. ಹುಡುಗನ ಕಾಲೇಜಿನ ಲ್ಯಾಬಿನಲ್ಲಿ ಇಲ್ಲವಂತೆ.